ಬೆಟ್ಟದ ಬಹುಕ್ರೀಡಾ ರಿಲೇ

ಪರ್ವತ ಪ್ರದೇಶದಲ್ಲಿ ಓಟ, ಹಾರಾಟ, ದೋಣಿ, ಸೈಕಲ್ ಮೊದಲಾದ ಸಾಹಸ ಕ್ರೀಡೆಗಳನ್ನು ಒಂದರ ಬೆನ್ನಿಗೊಂದು ಜೋಡಿಸಿ ನಡೆಸುವ ತಂಡ ಸ್ಪರ್ಧೆ. ಒಂದೊಂದು ಹಂತವನ್ನು ತಂಡದ ಒಬ್ಬೊಬ್ಬರು ಪೂರೈಸಿ ಮುಂದಿನವರಿಗೆ ಸರದಿ ಒಪ್ಪಿಸುತ್ತಾರೆ. ಎಲ್ಲರ ಸಮಯವೂ ಕೂಡಿ ತಂಡದ ಸ್ಥಾನ ನಿರ್ಧಾರವಾಗುತ್ತದೆ. ಆಸ್ಟ್ರಿಯಾ ದೇಶದ ಲೀಂಜ್ ಪಟ್ಟಣದಲ್ಲಿ 1988ರಿಂದ ನಡೆದುಬಂದಿರುವ ಡೊಲೊಮಿಟೆನ್‌ಮನ್ ಈ ಬಗೆಯ ಸ್ಪರ್ಧೆಗಳಲ್ಲಿ ಹೆಸರಾದದ್ದು. ಕರ್ನಾಟಕದಲ್ಲಿ ಇದರ ಒಂದೊಂದು ಅಂಗವೂ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಋತುಗಳಲ್ಲಿ ಬೆಳೆದಿದೆ. ಅವು ಒಂದೇ ದಿನ ಒಂದೇ ಬೆಟ್ಟದಲ್ಲಿ ಕೂಡುವುದು ಏಕೆ ಕಷ್ಟ ಎಂಬುದನ್ನು ನೋಡಿದರೆ ಸ್ಪರ್ಧೆಯ ಸ್ವರೂಪವೂ ತಿಳಿಯುತ್ತದೆ, ನಮ್ಮ ಬೆಟ್ಟಗಳ ಸ್ವಭಾವವೂ ತಿಳಿಯುತ್ತದೆ.

ಸಾಹಸ ಸ್ಪರ್ಧೆಗಳಲ್ಲಿ ಎರಡು ಕವಲುಗಳಿವೆ. ಒಂದರಲ್ಲಿ ತಂಡದ ಎಲ್ಲರೂ ಮೊದಲಿನಿಂದ ಕೊನೆಯವರೆಗೆ ಜೊತೆಯಾಗಿಯೇ ಸಾಗಬೇಕು. ಒಬ್ಬರು ಬಿದ್ದರೆ ತಂಡವೇ ನಿಲ್ಲುತ್ತದೆ. 1989ರಲ್ಲಿ ಫ್ರಾನ್ಸಿನ ಜೆರಾರ್ ಫ್ಯೂಸಿಲ್ ನ್ಯೂಜಿಲೆಂಡಿನಲ್ಲಿ ಆರಂಭಿಸಿದ ರೈಡ್ ಗೊಲ್ವಾಸ್, 1995ರಲ್ಲಿ ಅಮೆರಿಕದ ಯೂಟಾದಲ್ಲಿ ಮೊದಲಾದ ಇಕೋ-ಚಾಲೆಂಜ್ ಈ ಬಗೆಯವು. ಇಕೋ-ಚಾಲೆಂಜ್ 2019ರಲ್ಲಿ ಫಿಜಿ ದ್ವೀಪಗಳಲ್ಲಿ ನಡೆದಾಗ ಪರ್ವತಾರೋಹಿ ಸೋದರಿಯರಾದ ತಾಶಿ ಮತ್ತು ನುಂಗ್ಶಿ ಮಲಿಕ್ ಇದ್ದ ಭಾರತದ ತಂಡವೊಂದು ಭಾಗವಹಿಸಿತ್ತು. ಇನ್ನೊಂದು ಕವಲು ರಿಲೇ. ಇಲ್ಲಿ ಎಲ್ಲರೂ ಎಲ್ಲವನ್ನೂ ಬಲ್ಲವರಾಗಬೇಕಿಲ್ಲ. ಓಡುವವನು ಓಡುತ್ತಾನೆ, ಹುಟ್ಟು ಹಾಕುವವನು ಹುಟ್ಟು ಹಾಕುತ್ತಾನೆ. ಹಾಗೆಂದು ಇದು ಸುಲಭದ ಕವಲಲ್ಲ. ತನ್ನ ಕ್ರೀಡೆಯಲ್ಲಿ ಪರಿಣತನಾದವನು ಏನನ್ನೂ ಉಳಿಸಿಕೊಳ್ಳದೆ ಇದ್ದ ಬಲವನ್ನೆಲ್ಲ ಒಂದೇ ಹಂತದಲ್ಲಿ ಸುರಿಯುತ್ತಾನೆ. ಆದ್ದರಿಂದ ಪ್ರತಿ ಹಂತದ ವೇಗವೂ ಆಯಾ ಕ್ರೀಡೆಯ ಸ್ವತಂತ್ರ ಪಂದ್ಯದ ವೇಗಕ್ಕೆ ಸಮನಾಗಿರುತ್ತದೆ.

ಸರದಿ ಓಟ ಆಟವಾಗುವುದಕ್ಕೆ ಎಷ್ಟೋ ಮೊದಲು ಆಡಳಿತದ ಕೆಲಸವಾಗಿತ್ತು. ಆಂಡಿಸ್ ಪರ್ವತಗಳಲ್ಲಿ ಇಂಕಾ ಅರಸರ ಚಾಸ್ಕಿಗಳು ತಂಗುದಾಣದಿಂದ ತಂಗುದಾಣಕ್ಕೆ ಓಡಿ ಸುದ್ದಿ ಮುಟ್ಟಿಸುತ್ತಿದ್ದರು. ನಮ್ಮಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೆಯ ಶತಮಾನದ ಕೊನೆಯ ಭಾಗದಲ್ಲಿ, ನೆಲೆಗೊಂಡ ಮೈಸೂರು ಅಂಚೆಯೂ ಇದೇ ಕ್ರಮದ್ದು. ಅಂಚೆಯ ಹರಿಕಾರರು ತಮ್ಮ ಪಾಲಿನ ದಾರಿಯನ್ನು ಓಡಿ, ಚೀಲವನ್ನು ಮುಂದಿನ ಕಟ್ಟೆಯಲ್ಲಿ ಕಾದಿರುವವನಿಗೆ ಒಪ್ಪಿಸುತ್ತಿದ್ದರು. 1889ರಲ್ಲಿ ಈ ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಗುವವರೆಗೆ ಮೈಸೂರು ಸೀಮೆಯ ಕಾಗದಪತ್ರಗಳು ಬಹುಮಟ್ಟಿಗೆ ಮನುಷ್ಯರ ಕಾಲನ್ನೇ ನಂಬಿದ್ದವು. ಇಂದಿನ ಪಂದ್ಯಗಳು ಈ ಪರಂಪರೆಯಿಂದ ಹುಟ್ಟಿದವೆಂದು ಹೇಳಲಾಗದು. ದೂರದ ದಾರಿಯನ್ನು ತುಂಡರಿಸಿ ಹಂಚಿಕೊಂಡರೆ ಒಟ್ಟು ವೇಗ ಹೆಚ್ಚುತ್ತದೆ ಎಂಬ ತಿಳಿವಳಿಕೆ ಮಾತ್ರ ಎರಡಕ್ಕೂ ಒಂದೇ.

ಮೌಂಟ್ ಬೇಕರ್‌ನಿಂದ ಲೀಂಜ್‌ವರೆಗೆ

ಬೆಟ್ಟದ ಓಟವನ್ನೂ ವಾಹನವನ್ನೂ ಬೆರೆಸಿದ ಹಳೆಯ ಪಂದ್ಯಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ಬೇಕರ್ ಮ್ಯಾರಥಾನ್ ಮುಖ್ಯವಾದುದು. 1911ರಿಂದ 1913ರವರೆಗೆ ನಡೆದ ಈ ಪಂದ್ಯದಲ್ಲಿ ಬೆಲಿಂಗ್‌ಹ್ಯಾಮ್ ಪಟ್ಟಣದಿಂದ ಕಾರಿನಲ್ಲೋ ರೈಲಿನಲ್ಲೋ ಹೊರಟು, ಬೆಟ್ಟದ ಬುಡ ಮುಟ್ಟಿ, 3,286 ಮೀಟರ್ ಎತ್ತರದ ಹಿಮಶಿಖರವನ್ನು ಓಡಿಯೇ ಹತ್ತಿಳಿದು ಮತ್ತೆ ಪಟ್ಟಣಕ್ಕೆ ಮರಳಬೇಕಿತ್ತು. ಮೊದಲ ವರ್ಷ ಹಾರ್ವಿ ಹ್ಯಾಗರ್ಡ್ ಎಲ್ಲರಿಗಿಂತ ಮೊದಲು ಕೆಳಗಿಳಿದು ರೈಲು ಹತ್ತಿದ. ಆ ರೈಲು ದಾರಿಯಲ್ಲಿ ಗೂಳಿಯೊಂದಕ್ಕೆ ಡಿಕ್ಕಿ ಹೊಡೆದು ಹಳಿ ತಪ್ಪಿತು. ಅವನು ಕುದುರೆ ಗಾಡಿ ಹಿಡಿದು ಮುಂದುವರಿಯುವಷ್ಟರಲ್ಲಿ ಕಾರಿನಲ್ಲಿ ಬಂದ ಜೋ ಗಾಲ್ಬ್ರೈತ್ ಗೆದ್ದಿದ್ದ. 1913ರಲ್ಲಿ ಓಟಗಾರನೊಬ್ಬ ಹಿಮದ ಬಿರುಕಿಗೆ ಬಿದ್ದು ಗಂಟೆಗಟ್ಟಲೆ ಸಿಕ್ಕಿಕೊಂಡ ಮೇಲೆ ಪಂದ್ಯ ನಿಂತಿತು. ಅದರ ನೆನಪಿನಲ್ಲಿ 1973ರಲ್ಲಿ ಅದೇ ಸೀಮೆಯಲ್ಲಿ ಸ್ಕೀ ಟು ಸೀ ಎಂಬ ರಿಲೇ ಆರಂಭವಾಯಿತು. ಬೆಟ್ಟದ ಹಿಮದಿಂದ ಸಮುದ್ರದ ಕೊಲ್ಲಿಯವರೆಗೆ ಏಳು ಹಂತಗಳು, ಒಂದು ತಂಡಕ್ಕೆ ಎಂಟು ಜನ. ಕ್ಯಾನೂ ಹಂತದಲ್ಲಿ ಇಬ್ಬರು ಒಟ್ಟಿಗೆ ಹುಟ್ಟು ಹಾಕುವುದರಿಂದ ಒಬ್ಬರು ಹೆಚ್ಚು. ಎರಡು ಬಗೆಯ ಹಿಮಜಾರಾಟ, ಓಟ, ಎರಡು ಬಗೆಯ ಸೈಕಲ್, ಕ್ಯಾನೂ, ಕೊನೆಗೆ ಸಮುದ್ರದ ಕಯಾಕ್ ಇದರ ಅಂಗಗಳು.

ನ್ಯೂಜಿಲೆಂಡಿನ ಕೋಸ್ಟ್ ಟು ಕೋಸ್ಟ್ ಅನ್ನು ರಾಬಿನ್ ಜಡ್ಕಿನ್ಸ್ 1983ರಲ್ಲಿ ಶುರುಮಾಡಿದರು. ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ 243 ಕಿ.ಮೀ. ದಾರಿ. ಸೈಕಲ್, ಗೋಟ್ ಪಾಸ್ ಕಣಿವೆಯ ಮೇಲೆ ಓಟ, ವೈಮಾಕರಿರಿ ನದಿಯಲ್ಲಿ ಕಯಾಕ್. ಒಬ್ಬರೇ ಸ್ಪರ್ಧಿಸಬಹುದು, ಇಬ್ಬರು ಹಂಚಿಕೊಳ್ಳಲೂಬಹುದು. ಸ್ಟೀವ್ ಗರ್ನಿ ಇದನ್ನು ಒಂಬತ್ತು ಸಲ ಗೆದ್ದರು.

ಲೀಂಜ್‌ನ ಸ್ಪರ್ಧೆ ಇವೆರಡಕ್ಕಿಂತ ಚಿಕ್ಕದು, ಆದರೆ ಇವೆರಡಕ್ಕಿಂತ ಕಡಿದಾದದ್ದು. ಅದನ್ನು ಹುಟ್ಟುಹಾಕಿದವರು ಅದೇ ಊರಿನ ಹಿಮಜಾರು ಪಟು ವೆರ್ನರ್ ಗ್ರಿಸ್‌ಮನ್. ಆಗಷ್ಟೇ, 1987ರಲ್ಲಿ, ಮಾರುಕಟ್ಟೆಗೆ ಬಂದಿದ್ದ ರೆಡ್ ಬುಲ್ ಪಾನೀಯದ ಕಂಪನಿ ಮರುವರ್ಷವೇ ಇದಕ್ಕೆ ಪ್ರಾಯೋಜಕವಾಯಿತು. ಸಾಹಸ ಕ್ರೀಡೆಗಳ ಜೊತೆ ಆ ಕಂಪನಿಯ ದೀರ್ಘ ನಂಟು ಇಲ್ಲಿಂದ ಬೆಳೆಯಿತು. ಲೀಂಜ್ ಸಮುದ್ರಮಟ್ಟದಿಂದ 673 ಮೀಟರ್ ಎತ್ತರದಲ್ಲಿ, ಈಸೆಲ್ ಮತ್ತು ಡ್ರಾವ್ ನದಿಗಳು ಕೂಡುವಲ್ಲಿದೆ. ಪಟ್ಟಣದ ದಕ್ಷಿಣಕ್ಕೆ ಲೀಂಜ್ ಡೊಲೊಮೈಟ್ ಬೆಟ್ಟಗಳು ಗೋಡೆಯಂತೆ ಎದ್ದಿವೆ. ಪಕ್ಕದಲ್ಲೇ ಹೊಖ್‌ಸ್ಟೈನ್ ಬೆಟ್ಟವಿದೆ. ಓಟದ ಏರು, ಹಾರಲು ನೆತ್ತಿ, ದೋಣಿಗೆ ನದಿ, ಸೈಕಲ್ಲಿಗೆ ಇನ್ನೊಂದು ಬೆಟ್ಟ, ಇಷ್ಟೂ ಒಂದೇ ಊರಿನ ಅಂಗಳದಲ್ಲಿರುವುದು ಅಪರೂಪ. ಈ ಸ್ಪರ್ಧೆಯ ಮೊದಲ ಬಂಡವಾಳ ಈ ಭೂಗೋಳವೇ.

ನಾಲ್ಕು ಹಂತಗಳು

ಮೊದಲನೆಯದು ಬೆಟ್ಟದ ಓಟ. ಊರಿನ ನಡುವಣ ಚೌಕದಿಂದ ಹೊರಟ ಓಟಗಾರ ಸುಮಾರು 12 ಕಿ.ಮೀ. ದಾರಿಯಲ್ಲಿ 2,441 ಮೀಟರ್ ಎತ್ತರದ ಕ್ಯೂಬೋಡನ್‌ಟೋರ್ಲ್ ಕಣಿವೆಗೆ ಏರುತ್ತಾನೆ. ಹೊರಟ ಜಾಗಕ್ಕೂ ಮುಟ್ಟುವ ಜಾಗಕ್ಕೂ 1,768 ಮೀಟರ್ ಅಂತರ. ಸಮುದ್ರ ತೀರದಿಂದ ನಂದಿಬೆಟ್ಟದ ನೆತ್ತಿಯವರೆಗಿನ ಎತ್ತರ 1,478 ಮೀಟರ್ ಎಂದರೆ ಇದರ ಪ್ರಮಾಣ ತಿಳಿಯುತ್ತದೆ. ಅಗ್ರ ಓಟಗಾರರು ಇದನ್ನು ಒಂದೂವರೆ ಗಂಟೆಯೊಳಗೆ ಮುಗಿಸುತ್ತಾರೆ. ಬೆಟ್ಟದ ಓಟದಲ್ಲಿ ಆರು ಬಾರಿ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ಜೊನಾಥನ್ ವಯಾಟ್ ಇಲ್ಲಿ ಹಲವು ಸಲ ಮೊದಲಿಗರಾಗಿದ್ದರು. ಕಡಿದಾದ ಕಡೆ ಇವರೂ ಓಡುವುದಿಲ್ಲ. ತೊಡೆಯ ಮೇಲೆ ಕೈಯೂರಿ ಬಿರುಸಾಗಿ ನಡೆಯುತ್ತಾರೆ. ಎಲ್ಲಿ ಓಡಬೇಕು, ಎಲ್ಲಿ ನಡೆದರೆ ಲಾಭ ಎಂಬ ಲೆಕ್ಕವೇ ಈ ಕ್ರೀಡೆಯ ಅರ್ಧ ವಿದ್ಯೆ. ಮೈ ಹಗುರವಾಗಿರಬೇಕು. ಒಂದೊಂದು ಕಿಲೋ ಹೆಚ್ಚು ತೂಕವನ್ನೂ ಸಾವಿರದ ಏಳುನೂರು ಮೀಟರ್ ಮೇಲಕ್ಕೆ ಹೊರಬೇಕಲ್ಲ.

ಎರಡನೆಯದು ಪ್ಯಾರಾಗ್ಲೈಡಿಂಗ್. ಸಾಮಾನ್ಯ ಪ್ಯಾರಾಗ್ಲೈಡರ್ ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟು ಹತ್ತು ಮೀಟರ್ ಮುಂದೆ ಸಾಗುತ್ತದೆ, ಗಂಟೆಗೆ 35ರಿಂದ 40 ಕಿ.ಮೀ. ವೇಗದಲ್ಲಿ. ಅಷ್ಟು ಎತ್ತರದಿಂದ ಜಿಗಿದವನು ಸುಮ್ಮನೆ ಕೂತರೂ ಪಟ್ಟಣ ಮುಟ್ಟುತ್ತಾನೆ. ಅದು ಪಂದ್ಯವಾಗುವುದಿಲ್ಲ. ಆದ್ದರಿಂದ ಹಾರಾಟವನ್ನು ಎರಡಾಗಿ ಒಡೆದಿದ್ದಾರೆ. ನಡುವೆ ಹುಲ್ಲುಗಾವಲಿನಲ್ಲಿ ಇಳಿದು, ರೆಕ್ಕೆಯ ಬಟ್ಟೆಯನ್ನು ಬಾಚಿ ಹೆಗಲಿಗೆ ಹಾಕಿಕೊಂಡು ಏರಿನಲ್ಲಿ ಓಡಿ, ಮತ್ತೆ ಹಾರಬೇಕು. ದಾರಗಳು ಸಿಕ್ಕಾಗದಂತೆ ಬಟ್ಟೆ ಬಾಚುವ ಕೈಚಳಕದಲ್ಲಿ ನಿಮಿಷಗಳೇ ಉಳಿಯುತ್ತವೆ. ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ ಗಾಳಿಯನ್ನು ಸರಿಯಾಗಿ ಅಳೆದು ಜಿಗಿಯುವುದು ಈ ಹಂತದ ನಿಜವಾದ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ಉಳಿದ ಮೂರು ಹಂತಗಳಲ್ಲಿ ಅವಸರ ದಣಿಸುತ್ತದೆ, ಇಲ್ಲಿ ಅವಸರ ಕೊಲ್ಲಬಲ್ಲದು.

ಮೂರನೆಯದು ಕಯಾಕ್. ದೋಣಿಯಲ್ಲಿ ಕೂತವನು ಎತ್ತರದ ಕಟ್ಟೆಯಿಂದ ದೋಣಿ ಸಮೇತ ಡ್ರಾವ್ ನದಿಗೆ ಧುಮುಕುತ್ತಾನೆ. ಪ್ರವಾಹದ ಜೊತೆ ಸಾಗುವುದು, ತೂಗುಬಿಟ್ಟ ಕೋಲುಗಳ ನಡುವೆ ನುಸುಳುವುದು, ದೋಣಿ ಹೊತ್ತು ಓಡುವುದು, ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕುವುದು, ಎಲ್ಲವೂ ಈ ಹಂತದಲ್ಲಿವೆ. ಇಲ್ಲಿ ಡ್ರಾವ್‌ಗೆ ಬಂದು ಕೂಡುವ ಈಸೆಲ್ ಹಿಮನದಿಗಳಿಂದ ಹುಟ್ಟಿ, ಬಹುಪಾಲು ತಡೆಯಿಲ್ಲದೆ ಹರಿಯುವ ನದಿ. ನೀರು ಬೇಸಿಗೆಯ ಕೊನೆಯಲ್ಲೂ ಬತ್ತುವುದಿಲ್ಲ, ಕೈಯಿಟ್ಟರೆ ಮರಗಟ್ಟುವಷ್ಟು ತಣ್ಣಗಿರುತ್ತದೆ. ಇಲ್ಲಿ ಗೆಲ್ಲುವವನ ಮೈಕಟ್ಟು ಓಟಗಾರನದಕ್ಕಿಂತ ತೀರ ಬೇರೆ. ಅಗಲವಾದ ಹೆಗಲು, ಬಲವಾದ ಬೆನ್ನು, ಸೊಂಟದ ತಿರುವಿನಲ್ಲಿ ಕಸುವು ಅವನಿಗೆ ಬೇಕು. ಈ ಇಬ್ಬರನ್ನೂ ಒಂದೇ ತಂಡಕ್ಕೆ ಕಟ್ಟುವುದು ರಿಲೇಗೆ ಮಾತ್ರ ಸಾಧ್ಯ.

ಕೊನೆಯದು ಬೆಟ್ಟದ ಸೈಕಲ್. ಹೊಖ್‌ಸ್ಟೈನ್ ಬೆಟ್ಟವನ್ನು ಹತ್ತಿ, ಚಳಿಗಾಲದಲ್ಲಿ ಹಿಮಜಾರಾಟ ನಡೆಯುವ ಕಡಿದಾದ ಇಳಿಜಾರಿನಲ್ಲೇ ಇಳಿದು, ಊರಿನ ಚೌಕಕ್ಕೆ ಬಂದು ಮುಟ್ಟಬೇಕು. ಏರಿನಲ್ಲಿ ಗಳಿಸಿದ್ದನ್ನು ಇಳಿಜಾರಿನಲ್ಲಿ ಒಂದು ತಪ್ಪು ತಿರುವು ಕಳೆದುಬಿಡಬಹುದು. ಆದ್ದರಿಂದ ತಂಡಗಳು ಈ ಹಂತಕ್ಕೆ ಬಲಶಾಲಿಗಿಂತ ಧೈರ್ಯವಂತನನ್ನು ಹುಡುಕುತ್ತವೆ.

ವೃತ್ತಿಪರರಿಗೂ ಹವ್ಯಾಸಿಗಳಿಗೂ ಬೇರೆ ವಿಭಾಗಗಳಿವೆ. ನೂರಕ್ಕೂ ಹೆಚ್ಚು ತಂಡಗಳು ಸೇರುತ್ತವೆ. ಸೆಪ್ಟೆಂಬರ್ ತಿಂಗಳನ್ನು ಆರಿಸಿರುವುದರ ಹಿಂದೆ ಹವೆಯ ಲೆಕ್ಕವಿದೆ. ಆಗ ಕಾಲುದಾರಿಗಳಲ್ಲಿ ಹಿಮ ಕರಗಿರುತ್ತದೆ, ಹೊಸ ಹಿಮ ಬಿದ್ದಿರುವುದಿಲ್ಲ, ಬೇಸಿಗೆಯ ಮಧ್ಯಾಹ್ನದ ಗುಡುಗು ಮಳೆ ತಗ್ಗಿರುತ್ತದೆ, ನದಿಯಲ್ಲಿ ನೀರೂ ಇರುತ್ತದೆ.

ಅಪಾಯ

ಬೆಟ್ಟದ ಸ್ಪರ್ಧೆಗಳ ಇತಿಹಾಸದಲ್ಲಿ 2021ರ ಮೇ 22 ಮರೆಯಬಾರದ ದಿನ. ಚೀನಾದ ಗಾನ್ಸು ಪ್ರಾಂತ್ಯದಲ್ಲಿ ಅಂದು ನಡೆದ 100 ಕಿ.ಮೀ. ಬೆಟ್ಟದ ಓಟದಲ್ಲಿ ಇದ್ದಕ್ಕಿದ್ದಂತೆ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಎರಗಿ 172 ಓಟಗಾರರಲ್ಲಿ 21 ಜನ ಸತ್ತರು. ಹೆಚ್ಚಿನವರು ತೆಳು ಅಂಗಿ, ಚಡ್ಡಿಯಲ್ಲಿದ್ದರು. ಬೆವರಿದ ಮೈ ಗಾಳಿಗೆ ಸಿಕ್ಕಿದಾಗ ಉಷ್ಣ ಎಷ್ಟು ಬೇಗ ಸೋರಿಹೋಗುತ್ತದೆಂಬುದು ಅಲ್ಲಿ ಕಂಡಿತು. ಸತ್ತವರಲ್ಲಿ ದೇಶದ ಶ್ರೇಷ್ಠ ಓಟಗಾರರೂ ಇದ್ದರು. ಅನುಭವವೊಂದೇ ಕಾಪಾಡಲಾರದು. ಗಾಳಿ ತಡೆವ ಅಂಗಿ ಕಡ್ಡಾಯವಾಗಬೇಕು, ನಡುದಾರಿಯಲ್ಲಿ ಆಸರೆ ಇರಬೇಕು, ಹವೆ ಕೆಟ್ಟರೆ ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿರಬೇಕು. ಬಹುಕ್ರೀಡಾ ರಿಲೇಯಲ್ಲಿ ಈ ಹೊಣೆ ನಾಲ್ಕು ಪಟ್ಟು ಹೆಚ್ಚು. ಬೆಟ್ಟದ ಮೇಲೆ ರಕ್ಷಣಾ ತಂಡ, ಹಾರುವ ನೆತ್ತಿಯಲ್ಲಿ ಗಾಳಿ ಬಲ್ಲವರು, ನದಿಯ ತಿರುವುಗಳಲ್ಲಿ ಹಗ್ಗ ಎಸೆಯುವವರು, ಸೈಕಲ್ ಇಳಿಜಾರಿನಲ್ಲಿ ವೈದ್ಯರು, ಇವರೆಲ್ಲ ಒಂದೇ ಹೊತ್ತಿಗೆ ಸಿದ್ಧವಿರಬೇಕು.

ಕರ್ನಾಟಕ

ಓಟಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಶ್ರೀರಂಗಪಟ್ಟಣದ ಬಳಿ ಕಾಲುವೆಯ ಏರಿಯ ಮೇಲೆ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಎಂಬ ದೂರದ ಓಟವಿದೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ (1,930 ಮೀಟರ್) ಅದೇ ಸೀಮೆಯಲ್ಲಿದೆ. ಲೀಂಜ್‌ನ ಏರಿಗೆ ಸರಿಸಮನಾದ ಏರು ಬೇಕೆಂದರೆ ಕುಮಾರಪರ್ವತವನ್ನು ನೋಡಬೇಕು. ಕುಕ್ಕೆ ಸುಬ್ರಹ್ಮಣ್ಯ ಘಟ್ಟದ ಬುಡದಲ್ಲಿದೆ, ಶಿಖರ 1,712 ಮೀಟರ್. ಗಿರಿಗದ್ದೆಯ ಭಟ್ಟರ ಮನೆಯನ್ನು ದಾಟಿ ಹೋಗುವ ಆ ಕಾಲುದಾರಿಯ ಏರು ಹೆಚ್ಚುಕಡಿಮೆ 1,600 ಮೀಟರ್. ಚಾರಣಿಗರು ಎರಡು ದಿನಕ್ಕೆ ಹಂಚಿಕೊಳ್ಳುವ ದಾರಿಯದು. ಬುಡದಲ್ಲಿ ಕುಮಾರಧಾರಾ ಹರಿಯುತ್ತದೆ. ಕಾಗದದ ಮೇಲೆ ಲೀಂಜ್‌ಗೆ ಇಷ್ಟು ಹತ್ತಿರದ ಜಾಗ ರಾಜ್ಯದಲ್ಲಿ ಇನ್ನೊಂದು ನನಗೆ ಕಾಣದು.

ಸೈಕಲ್ಲಿನಲ್ಲಿ ಉತ್ತರ ಕರ್ನಾಟಕ ಮುಂದು. ವಿಜಯಪುರ, ಬಾಗಲಕೋಟೆ, ಗದಗಗಳ ಕ್ರೀಡಾನಿಲಯಗಳೂ ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆಯೂ ಹಳ್ಳಿಯ ಹುಡುಗ ಹುಡುಗಿಯರನ್ನು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನಾಗಿ ಬೆಳೆಸಿವೆ. ಬೆಂಗಳೂರಿನ ಸೈಕಲ್ ಬಳಗ 2008ರಿಂದ ಟೂರ್ ಆಫ್ ನೀಲಗಿರೀಸ್ ನಡೆಸಿಕೊಂಡು ಬಂದಿದೆ, ಆದರೆ ಅದು ಡಾಂಬರು ರಸ್ತೆಯ ಸವಾರಿ. ಬಂಡೆ ಹತ್ತುವ ವಿದ್ಯೆಗೆ ರಾಮನಗರ, ಸಾವನದುರ್ಗ, ಬಾದಾಮಿಗಳಿವೆ. ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಯುವಕರಿಗೆ ತರಬೇತಿ ಕೊಡುತ್ತದೆ.

ತೊಡಕು ನೀರಿನದು, ಗಾಳಿಯದು. ಪಶ್ಚಿಮಘಟ್ಟದ ನದಿಗಳಲ್ಲಿ ದೋಣಿಗೆ ತಕ್ಕ ರಭಸ ಬರುವುದು ಮುಂಗಾರಿನಲ್ಲಿ. ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್ ನಡೆಯುವುದು ಜೂನ್‌ನಿಂದ ಸೆಪ್ಟೆಂಬರ್ ಹೊತ್ತಿಗೆ. ನೆರೆಯ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ 2013ರಿಂದ ನಡೆಯುತ್ತಿರುವ ಮಲಬಾರ್ ನದಿ ಉತ್ಸವವೂ ಮಳೆಗಾಲದ್ದೇ. ಅದೇ ತಿಂಗಳುಗಳಲ್ಲಿ ಘಟ್ಟದ ನೆತ್ತಿಗಳು ಮಂಜಿನಲ್ಲಿ ಮುಳುಗಿರುತ್ತವೆ, ಗಾಳಿ ಹುಚ್ಚಾಗಿ ಬೀಸುತ್ತದೆ, ಕಾಲುದಾರಿ ಜಾರುತ್ತದೆ, ಜಿಗಣೆ ಹತ್ತುತ್ತದೆ. ಹಾರುವ ಮಾತೇ ಇಲ್ಲ. ಮಳೆ ಹೋಗಿ ಆಕಾಶ ತಿಳಿಯಾದಾಗ, ನವೆಂಬರ್‌ನಿಂದ ಮುಂದೆ, ಪ್ಯಾರಾಗ್ಲೈಡರ್‌ಗೆ ಅನುಕೂಲ. ಆಗ ಹೊಳೆಗಳಲ್ಲಿ ಬಂಡೆ ಎದ್ದು ಕಾಣುತ್ತದೆ. ಆಲ್ಪ್ಸ್‌ನಲ್ಲಿ ಹಿಮನದಿಗಳು ಬೇಸಿಗೆಯಿಡೀ ನೀರನ್ನು ಕೊಂಚ ಕೊಂಚವಾಗಿ ಬಿಟ್ಟುಕೊಡುತ್ತವೆ. ನಮ್ಮ ಘಟ್ಟಕ್ಕೆ ಅಂಥ ಉಗ್ರಾಣವಿಲ್ಲ.

ಇದಕ್ಕೆ ದೊಡ್ಡ ಅಪವಾದ ಕಾಳಿ ನದಿ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಮುಂಗಾರಿನ ನೀರನ್ನು ಹಿಡಿದಿಟ್ಟು ವಿದ್ಯುತ್ತಿಗಾಗಿ ಬಿಡುವುದರಿಂದ ಗಣೇಶಗುಡಿಯ ಕೆಳಗೆ ಒಣ ತಿಂಗಳುಗಳಲ್ಲೂ ರಾಫ್ಟಿಂಗ್ ನಡೆದಿದೆ. ಹಿಮನದಿ ಮಾಡುವ ಕೆಲಸವನ್ನು ಇಲ್ಲಿ ಅಣೆಕಟ್ಟು ಮಾಡುತ್ತದೆ. ಆದರೆ ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕುಮಾರಪರ್ವತವೂ ಪುಷ್ಪಗಿರಿ ವನ್ಯಧಾಮದೊಳಗಿದೆ, ಅದು 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲೊಂದು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ನೂಕುನುಗ್ಗಲಾದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ತಡೆದು, ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆಗೆ ಒಳಪಡಿಸಿತು. ಇದು ಸರಿಯಾದ ಕ್ರಮ. ನೂರು ತಂಡ, ಅವುಗಳ ಸಹಾಯಕರು, ನೋಡುವ ಸಾವಿರಾರು ಜನ, ಧ್ವನಿವರ್ಧಕ ಎಲ್ಲವನ್ನೂ ಶೋಲಾ ಕಾಡಿನೊಳಗೆ ನುಗ್ಗಿಸುವ ಸ್ಪರ್ಧೆ ಎಷ್ಟೇ ಸೊಗಸಾಗಿದ್ದರೂ ಬೇಡ.

ಹೀಗಾಗಿ ಕನ್ನಡಿಗ ಸ್ಪರ್ಧಿಗಳು ಬಹುಕ್ರೀಡೆಯ ರುಚಿಗೆ ಹೊರಗೆ ಹೋಗುತ್ತಾರೆ. ಪುಣೆಯ ಬಳಿ ಸಹ್ಯಾದ್ರಿಯಲ್ಲಿ ಮೂವರ ತಂಡಗಳಿಗಾಗಿ ನಡೆದುಬಂದಿರುವ ಎಂಡ್ಯೂರೊ 3ರಲ್ಲಿ ಚಾರಣ, ಸೈಕಲ್, ನದಿ ದಾಟುವಿಕೆ ಸೇರಿವೆ. ಅಲ್ಲಿ ಮೂವರೂ ಜೊತೆಯಾಗಿ ಸಾಗಬೇಕು. ಗೋವಾದಲ್ಲಿ 2019ರಲ್ಲಿ ಆರಂಭವಾದ ಐರನ್‌ಮ್ಯಾನ್ 70.3ರಲ್ಲಿ ಈಜು, ಸೈಕಲ್, ಓಟಗಳನ್ನು ರಿಲೇ ತಂಡವಾಗಿ ಹಂಚಿಕೊಳ್ಳಬಹುದು, ಅದು ಕಡಲತೀರದ ಪಂದ್ಯ. ಹಾರಲು ಬಯಸುವವರು ಪುಣೆಯ ಬಳಿಯ ಕಾಮ್‌ಶೇತ್‌ಗೋ, 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಹಿಮಾಚಲದ ಬೀರ್-ಬಿಲ್ಲಿಂಗ್‌ಗೋ ಹೋಗಬೇಕು.

ಹೊನ್ನವಳ್ಳಿ ಸೀಮೆ

ಕಾಡಿನ ಹೊರಗೆ, ಬಯಲುಸೀಮೆಯ ಗುಡ್ಡಗಳಲ್ಲಿ ಸಣ್ಣ ಪ್ರಮಾಣದ ರಿಲೇಗೆ ಜಾಗವಿದೆ. ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೊನ್ನವಳ್ಳಿ ಇದಕ್ಕೆ ಉದಾಹರಣೆಯಾಗಬಲ್ಲದು. ಹಿಂದೆ ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಊರಿದು. ಸುತ್ತ ತೆಂಗಿನ ತೋಟ, ತೋಟ ಮುಗಿದಲ್ಲಿ ರಾಗಿ ಹೊಲ, ಆಚೆ ಕುರುಚಲು ಕಾಡಿನ ಕಲ್ಲುಗುಡ್ಡಗಳು. ನರಸಿಂಹಸ್ವಾಮಿಯ ಹತ್ಯಾಳು ಬೆಟ್ಟ, ಚಿಕ್ಕನಾಯಕನಹಳ್ಳಿ ಕಡೆಯ ಮದಲಿಂಗನ ಕಣಿವೆ, ಅರಸೀಕೆರೆ ಕಡೆಯ ಮಾಲೇಕಲ್ಲು ತಿರುಪತಿ ಈ ಸೀಮೆಯವರಿಗೆ ಗೊತ್ತಿರುವ ಏರುಗಳು. ನೆಲವೇ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವುದರಿಂದ ಗುಡ್ಡಗಳು ಸುತ್ತಲ ನೆಲಕ್ಕಿಂತ ಕೆಲವು ನೂರು ಮೀಟರ್ ಮಾತ್ರ ಎತ್ತರ. ಲೀಂಜ್‌ನ ಏರು ಇಲ್ಲಿ ಸಿಗದು. ಒಂದೇ ಗುಡ್ಡವನ್ನು ಮೂರು ಸಲ ಹತ್ತಿಸಿದರೆ ಕಾಲಿಗೆ ಅದೇ ಪಾಠ ಸಿಗುತ್ತದೆ.

ಧುಮ್ಮಿಕ್ಕುವ ನದಿ ಇಲ್ಲಿಲ್ಲ. ಹೊನ್ನವಳ್ಳಿ ಏತ ನೀರಾವರಿಯಿಂದ ಬರುವ ಹೇಮಾವತಿ ನೀರು ಕೆರೆ ತುಂಬಲಿಕ್ಕೂ ತೋಟ ಉಳಿಯಲಿಕ್ಕೂ ಬೇಕಾದದ್ದು. ಅದರ ಮೇಲೆ ಆಟದ ಹಕ್ಕು ಸಾಧಿಸುವಂತಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಜಲಾಶಯ ತುಂಬಿದ ವರ್ಷ ನಿಂತ ನೀರಿನ ದೋಣಿ ಹಂತ ಸಾಧ್ಯ. ಮಳೆ ಕೈಕೊಟ್ಟ ವರ್ಷ ಅದನ್ನು ಬಿಟ್ಟು ಓಟ, ಸೈಕಲ್, ಮತ್ತೆ ಓಟ ಎಂದು ಮೂರು ಹಂತ ಮಾಡಿಕೊಳ್ಳಬಹುದು. ಹಾರಾಟವನ್ನು ಸೇರಿಸುವ ಆಸೆ ಬೇಡ. ಇಳಿಯಲು ಬಯಲು ಬೇಕಾದಲ್ಲಿ ತೆಂಗಿನ ಮರಗಳೂ ವಿದ್ಯುತ್ ತಂತಿಗಳೂ ಇವೆ.

ಸೈಕಲ್ ಹಂತಕ್ಕೆ ಮಾತ್ರ ಈ ಸೀಮೆ ಹೇಳಿ ಮಾಡಿಸಿದಂತಿದೆ. ತೋಟಗಳ ನಡುವಣ ಗಾಡಿದಾರಿ, ಕೆರೆ ಏರಿ, ಗುಡ್ಡದಂಚಿನ ಗರಸು ಮಣ್ಣಿನ ಹಾದಿ ಮೈಲುಗಟ್ಟಲೆ ಸಿಗುತ್ತವೆ. ದಾರಿ ಬಹುಪಾಲು ರೈತರ ಹಿಡುವಳಿಯೊಳಗೆ ಹಾಯುವುದರಿಂದ ತೋಟದವರ ಒಪ್ಪಿಗೆ ಮೊದಲು ಬೇಕು. ಅಡ್ಡಬಿದ್ದ ಡ್ರಿಪ್ ಪೈಪುಗಳ ಮೇಲೆ ನೂರಾರು ಸೈಕಲ್ ಹಾದರೆ ಆಗುವ ನಷ್ಟವನ್ನು ಸಂಘಟಕರು ಮೊದಲೇ ಕಟ್ಟಿಕೊಡಬೇಕು. ಗುಡ್ಡಗಳಲ್ಲಿ ಚಿರತೆಯ ಓಡಾಟವಿರುವುದರಿಂದ ಬೆಳಕು ಹರಿದ ಮೇಲೆ ಶುರುಮಾಡಿ ಸಂಜೆಗೆ ಮುಂಚೆ ಕೊನೆಯ ಸ್ಪರ್ಧಿಯೂ ಕೆಳಗಿಳಿದಿರಬೇಕು. ಹಿಂಗಾರು ಮುಗಿದು ರಾಗಿ ಕೊಯ್ಲೂ ಆದ ಡಿಸೆಂಬರ್, ಜನವರಿ ಇದಕ್ಕೆ ತಕ್ಕ ಕಾಲ. ಹೊಲ ಖಾಲಿಯಿರುತ್ತದೆ, ದಾರಿ ಒಣಗಿರುತ್ತದೆ, ಹನ್ನೊಂದು ಗಂಟೆಯವರೆಗೂ ಬಿಸಿಲು ಹಿತವಾಗಿರುತ್ತದೆ.